ದಂಡಿನ ಕಾಯಿಲೆ, ಹೆಂಗಸಿನ ಚೀಟಿ

ಸಿಫಿಲಿಸ್‌ಗೆ ನಮ್ಮಲ್ಲಿ ಪರಂಗಿ ಹುಣ್ಣು ಎಂಬ ಹಳೆಯ ಹೆಸರಿದೆ. ಹದಿನಾರನೇ ಶತಮಾನದ ಆಯುರ್ವೇದ ಗ್ರಂಥ ಭಾವಪ್ರಕಾಶವೂ ಅದನ್ನು ಫಿರಂಗ ರೋಗ ಎಂದೇ ಕರೆಯಿತು. 1495ರಲ್ಲಿ ನೇಪಲ್ಸ್‌ಗೆ ನುಗ್ಗಿದ ಫ್ರೆಂಚ್ ಸೈನ್ಯದಲ್ಲಿ ಅದು ಹಬ್ಬಿದಾಗ ಇಟಲಿಯವರು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನದೆಂದರು. ತಪ್ಪು ಹೊರಿಸಲು ಎಲ್ಲರಿಗೂ ಬೇರೆ ಯಾರಾದರೂ ಬೇಕು. ಭಾರತದಲ್ಲಿದ್ದ ಬ್ರಿಟಿಷ್ ದಂಡಿಗೆ ಸಿಕ್ಕವಳು ಬಜಾರಿನ ಹೆಂಗಸು. 1864ರ ಕಂಟೋನ್ಮೆಂಟ್ ಕಾಯ್ದೆ, 1868ರ ಅಂಟುರೋಗ ಕಾಯ್ದೆಗಳಡಿ ಅವಳ ಹೆಸರು ರಿಜಿಸ್ಟರ್ ಸೇರಿತು, ಕೈಗೊಂದು ಚೀಟಿ ಬಂತು. ಗೊತ್ತಾದ ದಿನ ತಪಾಸಣೆಗೆ ಹೋಗಬೇಕು. ರೋಗವಿದ್ದರೆ ಲಾಕ್ ಆಸ್ಪತ್ರೆ ಎಂಬ ಲೈಂಗಿಕ ರೋಗಗಳ ಆಸ್ಪತ್ರೆಯಲ್ಲಿ ಬಂದಿ. ಬೆಂಗಳೂರು ದಂಡಿನಲ್ಲೂ ಬಳ್ಳಾರಿಯಲ್ಲೂ ಇಂಥ ಆಸ್ಪತ್ರೆಗಳಿದ್ದವು. ಅದೇ ತಪಾಸಣೆ ಸೋಲ್ಜರನಿಗೆ ಮಾಡಿದರೆ ಮಾತ್ರ ದಂಡಿಗೆ ಅವಮಾನವೆನಿಸಿತು. 1886ರಲ್ಲಿ ಸೇನಾ ಮುಖ್ಯಸ್ಥ ರಾಬರ್ಟ್ಸ್ ಅವರ ಕಾಲದ ಸುತ್ತೋಲೆಯೊಂದು ರೆಜಿಮೆಂಟ್ ಬಜಾರುಗಳಲ್ಲಿ ಸಾಕಷ್ಟು ಹೆಂಗಸರಿರಲಿ, ನೋಡಲು ಚೆನ್ನಾಗಿಯೂ ಇರಲಿ ಎಂದಿತು. ಅಂದರೆ ಬೇಡಿಕೆ ಹುಟ್ಟಿಸಿದ್ದು ಯಾರೆಂದು ದಂಡಿಗೇ ಗೊತ್ತಿತ್ತು.

ಆ ಬೇಡಿಕೆ ಗಂಡಸಿನ ಚಪಲಕ್ಕಿಂತ ನೌಕರಿಯ ಷರತ್ತಿನಿಂದ ಹುಟ್ಟಿದ್ದು. ಮದುವೆಗೆ ಅಧಿಕಾರಿಯ ಅನುಮತಿ ಬೇಕಿತ್ತು, ಅದು ಸಿಗುತ್ತಿದ್ದುದು ಕೆಲವರಿಗಷ್ಟೇ. 1870ರ ನಂತರ ಅಲ್ಪಾವಧಿ ಸೇವೆ ಬಂದು, ಬ್ಯಾರಕ್‌ಗಳಲ್ಲಿ ಮೀಸೆ ಚಿಗುರಿದ ಅವಿವಾಹಿತರು ತುಂಬಿದರು. ಮನೆ ಸಾವಿರಾರು ಮೈಲಿ ದೂರ, ಮಧ್ಯಾಹ್ನದಿಂದ ಸಂಜೆಯವರೆಗೆ ಕೆಲಸವಿಲ್ಲ, ಹತ್ತಿರದಲ್ಲಿ ಹೆಂಡದ ಕ್ಯಾಂಟೀನು. ಅದೇ ಕಂಟೋನ್ಮೆಂಟಿನ ಭಾರತೀಯ ಸಿಪಾಯಿಗಳಲ್ಲಿ ಈ ರೋಗ ತೀರಾ ಕಡಿಮೆ ದಾಖಲಾಯಿತು. ಅವರಲ್ಲಿ ಹೆಚ್ಚಿನವರು ಸಂಸಾರಸ್ಥರು, ರಜೆಗೆ ಊರಿಗೆ ಹೋಗಿ ಬರುವವರು. ಸಿಪಾಯಿ ರೋಗ ಮುಚ್ಚಿಟ್ಟು ನಾಟಿ ವೈದ್ಯನ ಬಳಿ ಹೋಗುತ್ತಿದ್ದನಲ್ಲವೇ ಎಂದು ಕೇಳಬಹುದು. ಹೋಗುತ್ತಿದ್ದಿರಬೇಕು. ಆದರೆ ಅಷ್ಟು ದೊಡ್ಡ ಅಂತರವನ್ನು ಮುಚ್ಚುಮರೆಯೊಂದೇ ಹುಟ್ಟಿಸಲಾರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಬ್ರಿಟನ್ನಿನ ಸುಧಾರಕಿ ಜೋಸೆಫೀನ್ ಬಟ್ಲರ್ ಮತ್ತವರ ಸಂಗಾತಿಗಳ ಹೋರಾಟದ ಫಲವಾಗಿ 1888ರಲ್ಲಿ ಅಂಟುರೋಗ ಕಾಯ್ದೆ ರದ್ದಾಯಿತು. 1895ರ ಹೊತ್ತಿಗೆ ಬ್ರಿಟಿಷ್ ಸೈನಿಕರಲ್ಲಿ ಲೈಂಗಿಕ ರೋಗಗಳಿಗೆ ಸಾವಿರಕ್ಕೆ 500ಕ್ಕೂ ಹೆಚ್ಚು ಆಸ್ಪತ್ರೆ ದಾಖಲಾತಿ. ಕಾಯ್ದೆ ತೆಗೆದದ್ದೇ ತಪ್ಪೆಂದು ಸೇನೆ ಗದ್ದಲ ಎಬ್ಬಿಸಿತು, 1897ರಲ್ಲಿ ಬಿಗಿ ನಿಯಮಗಳು ಮರಳಿದವು. ಆದರೆ ಕಾಯ್ದೆ ಜಾರಿಯಲ್ಲಿದ್ದಾಗಲೇ ಅಂಕಿ ಏರುತ್ತಿತ್ತು. ಮುಂದೆ 1909ರ ಸುಮಾರಿಗೆ ಅದು ಸಾವಿರಕ್ಕೆ 100ಕ್ಕಿಂತ ಕೆಳಗಿಳಿಯಿತು. ಮರಳಿದ ನಿಯಮಗಳ ಪಾಲು ಅದರಲ್ಲಿ ಇಲ್ಲವೆನ್ನಲಾರೆ. ಆದರೆ ಆ ವರ್ಷಗಳಲ್ಲೇ ಕುಡಿತ ಇಳಿದಿತ್ತು, ಆಟದ ಮೈದಾನ ಬಂದಿತ್ತು, ಚಿಕಿತ್ಸೆ ಸುಧಾರಿಸಿತ್ತು. ಹೆಂಗಸನ್ನು ಬಂಧಿಸುವ ಬದಲು ಸೈನಿಕನಿಗೇ ಹೊಣೆ ಕೊಡುವ ದಾರಿಯೂ ಇತ್ತು: 1917ರಲ್ಲಿ ನ್ಯೂಜಿಲೆಂಡ್ ಸೇನೆ, ಎಟಿ ರೌಟ್ ಎಂಬ ಮಹಿಳೆಯ ಒತ್ತಾಯಕ್ಕೆ ಮಣಿದು, ರಜೆಗೆ ಹೊರಟ ಸೈನಿಕರ ಕೈಗೆ ರೋಗತಡೆಯ ಕಿಟ್ ಕೊಡತೊಡಗಿತು. ಆಕೆಯ ಹೆಸರನ್ನು ಅಲ್ಲಿನ ಪತ್ರಿಕೆಗಳು ಅಚ್ಚುಮಾಡದಂತೆ ಅದೇ ದೇಶದ ಸರ್ಕಾರ ನಿರ್ಬಂಧ ಹಾಕಿತು.