ಕೇರಿಯ ಬೆಕ್ಕು, ಮನೆಯ ಬೆಕ್ಕು

ಜೂನ್ 1ಕ್ಕೆ ಕರಾವಳಿಯ ಯಾಂತ್ರಿಕ ಬೋಟುಗಳೆಲ್ಲ ದಡ ಸೇರುತ್ತವೆ. ಅಲ್ಲಿಂದ ಜುಲೈ 31ರವರೆಗೆ 61 ದಿನ ಅವುಗಳಿಗೆ ಮೀನುಗಾರಿಕೆ ನಿಷೇಧ. ಈ ಎರಡು ತಿಂಗಳು ಯಾರ್‍ಯಾರಿಗೆ ಕಷ್ಟ ಎಂದು ಲೆಕ್ಕ ಹಾಕುವಾಗ ಬೋಟಿನ ಮಾಲೀಕರು, ಕಲಾಸಿಗಳು, ಐಸ್ ಕಾರ್ಖಾನೆಯವರು, ಬುಟ್ಟಿ ಹೊತ್ತು ಮಾರುವ ಹೆಂಗಸರು ನೆನಪಾಗುತ್ತಾರೆ. ಬೆಕ್ಕುಗಳು ಆ ಪಟ್ಟಿಯಲ್ಲಿ ಬರುವುದಿಲ್ಲ. ಹೊನ್ನಾವರದ ಕಾಸರಕೋಡು ಟೊಂಕ, ಕುಮಟಾ ತಾಲೂಕಿನ ತದಡಿ, ಭಟ್ಕಳದ ಬಂದರು, ಈ ಮೂರೂ ಕಡೆ ಬಲೆಯಿಂದ ಉದುರಿದ ತಾರ್ಲೆ, ಬಂಗುಡೆಯ ತಲೆ ತಿಂದು ಬೆಳೆದ ಬೆಕ್ಕುಗಳಿಗೆ ಅದೇ ಹೊತ್ತಿಗೆ ಮಳೆಯೂ ಹಿಡಿಯುತ್ತದೆ. ನಾಡದೋಣಿಯವರು ತರುವ ಚೂರುಪಾರು ಮೀನು ಮನುಷ್ಯರಿಗೇ ಸಾಲುವುದಿಲ್ಲ. ಆಗ ಅವು ಮನೆಗಳ ಕಡೆ ಮುಖ ಮಾಡುತ್ತವೆ.

ಹೆಚ್ಚಿನವು ಹಿತ್ತಿಲಲ್ಲಿ ಕದ್ದು ತಿಂದು ಓಡುವ ಜಾತಿಯವು. ಒಂದು ಮಾತ್ರ ಓಡುವುದಿಲ್ಲ. ಜಗಲಿಯ ಮೇಲೆ ಬಂದು ಕಾಲಿಗೆ ಮೈ ತಿಕ್ಕುತ್ತದೆ, ಬಾಲ ನೆಟ್ಟಗೆ ನಿಲ್ಲಿಸುತ್ತದೆ, ಕೂತವರ ಮಡಿಲು ಹತ್ತುತ್ತದೆ. ಮನೆಯಲ್ಲಿ ಚರ್ಚೆ ಶುರುವಾಗುವುದು ಆಗ. ಇಟ್ಟುಕೊಳ್ಳೋಣವೇ?

ಇಷ್ಟು ಸಲಿಗೆಯ ಬೆಕ್ಕು ತಾನಾಗಿ ಹಾಗೆ ಆದದ್ದಲ್ಲ. ಮರಿಗೆ ಎರಡು ವಾರದಿಂದ ಏಳು ವಾರ ತುಂಬುವವರೆಗಿನ ಅವಧಿಯಲ್ಲಿ ಮನುಷ್ಯರ ಕೈ ಮೈಮೇಲೆ ಆಡಿದ್ದರೆ ಮಾತ್ರ ಅದು ಮುಂದೆ ಮನುಷ್ಯರನ್ನು ನಂಬುತ್ತದೆ ಎಂಬುದು ಬೆಕ್ಕಿನ ಸ್ವಭಾವ ಅಧ್ಯಯನ ಮಾಡಿದವರ ಮಾತು. ಆ ವಯಸ್ಸು ದಾಟಿದ ಕಾಡುಮರಿಯನ್ನು ಪಳಗಿಸಲು ತಿಂಗಳುಗಟ್ಟಲೆ ಬೇಕು, ಆಮೇಲೂ ಅದು ಎತ್ತಿಕೊಂಡರೆ ಪರಚುವುದೇ ಸೈ. ಹಾಗಾಗಿ ಜಗಲಿಗೆ ಬಂದು ಮಡಿಲು ಕೇಳುವ ಬೆಕ್ಕಿನ ಹಿಂದೆ ಒಂದು ಮನೆ ಇದ್ದೇ ಇದೆ. ಆ ಮನೆ ಈಗಲೂ ಇರಬಹುದು, ಎರಡು ಕಂಪೌಂಡಿನಾಚೆ. ಅಥವಾ ಮರಿಯಿದ್ದಾಗ ಮುದ್ದು ಮಾಡಿ, ದೊಡ್ಡದಾಗಿ ಬಸುರಾದ ಮೇಲೆ ಗೋಣಿಚೀಲದಲ್ಲಿ ತುಂಬಿ ಮೀನುಪೇಟೆಯಲ್ಲಿ ಬಿಟ್ಟುಹೋದ ಮನೆ.

ಬಿಡುವುದರಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ನಂಬಿಕೆಯಿದೆ. ಹೊಳೆ ದಾಟಿಸಿ ಬಿಟ್ಟರೆ ಬೆಕ್ಕು ತಿರುಗಿ ಬರುವುದಿಲ್ಲವಂತೆ. ಉತ್ತರ ಕನ್ನಡದಲ್ಲಿ ಹೊಳೆಗೆ ಬರವೇ? ಶರಾವತಿಯ ಈಚೆಯವರು ಆಚೆ ಬಿಡುತ್ತಾರೆ, ಆಚೆಯವರು ಈಚೆ ತಂದು ಬಿಡುತ್ತಾರೆ, ಅಘನಾಶಿನಿಯ ಎರಡೂ ದಡದಲ್ಲಿ ಇದೇ ವ್ಯಾಪಾರ. ಒಟ್ಟು ಲೆಕ್ಕದಲ್ಲಿ ಬೆಕ್ಕುಗಳ ಸಂಖ್ಯೆ ಒಂದೂ ಕಮ್ಮಿಯಾಗುವುದಿಲ್ಲ, ಅಷ್ಟೂ ಬೆಕ್ಕುಗಳು ಗುರುತಿಲ್ಲದ ಊರಿನ ಪಾಲಾಗುತ್ತವೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಗೋಣಿಚೀಲಕ್ಕೆ ಅದಕ್ಕಿಂತ ಹೆಚ್ಚು ಬೆಲೆಯಿರಬಹುದು.

ಆದ್ದರಿಂದ ಮೊದಲ ಕೆಲಸ ಯಾರದ್ದೆಂದು ಕೇಳುವುದು. ನಮ್ಮ ಕೇರಿಗಳಲ್ಲಿ ಈ ಪ್ರಶ್ನೆಗೆ ನೇರ ಉತ್ತರ ಸಿಕ್ಕುವುದಿಲ್ಲ ಎಂಬುದು ಬೇರೆ ಮಾತು. ಮೀನು ಕೊಯ್ಯುತ್ತಿದ್ದ ಅಮ್ಮನೊಬ್ಬಳನ್ನು ಕೇಳಿದರೆ, "ಯಾರದ್ದೂ ಅಲ್ಲ ತಮಾ, ಕೇರಿದು" ಎಂದಳು. ಹೀಗೆಂದವಳ ಮನೆಯಲ್ಲೇ ಅದು ರಾತ್ರಿ ಮಲಗುತ್ತದೆ. ಒಂದು ಉಪಾಯವಿದೆ: ಅಗಲವಾದ ಕಾಗದದ ಪಟ್ಟಿಯಲ್ಲಿ ಫೋನ್ ನಂಬರು ಬರೆದು ಸಡಿಲವಾಗಿ ಕುತ್ತಿಗೆಗೆ ಸುತ್ತಿ ಬಿಡುವುದು. ಎಲ್ಲಾದರೂ ಸಿಕ್ಕಿಕೊಂಡರೆ ಕಾಗದ ಹರಿಯುತ್ತದೆ, ಬೆಕ್ಕಿಗೆ ಉರುಳಾಗುವುದಿಲ್ಲ. ಯಾರಾದರೂ ಫೋನ್ ಮಾಡಿ "ಅದು ನಮ್ಮ ಮನೆಯದು ಮಾರಾಯ್ರೆ" ಎಂದರೆ ವ್ಯವಹಾರ ಅಲ್ಲಿಗೆ ಮುಗಿಯಿತು. ಮುಗಿಯದಿದ್ದರೆ ಏನಾದೀತು ಎನ್ನುವುದಕ್ಕೆ ಬೆಂಗಳೂರಿನ ಕಡೆಯ ಒಂದು ಪ್ರಕರಣವೇ ಇದೆ. ನಮ್ಮ ಬೆಕ್ಕನ್ನು ಪಕ್ಕದ ಮನೆಯವರು ಕೂಡಿಹಾಕಿಕೊಂಡಿದ್ದಾರೆ ಎಂಬ ದೂರು ಪೊಲೀಸ್ ಠಾಣೆ ದಾಟಿ, 2024ರಲ್ಲಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಬೆಕ್ಕುಗಳು ಕಿಟಕಿಯಿಂದ ಬರುತ್ತವೆ ಹೋಗುತ್ತವೆ ಎಂದು ಆರೋಪಿಯ ಪರ ವಾದ. ಹೈಕೋರ್ಟು ವಿಚಾರಣೆಗೆ ತಡೆ ಕೊಟ್ಟಿತು.

ಕಿಟಕಿಯ ವಾದ ನನಗೆ ಒಪ್ಪಿಗೆ. ಬೆಕ್ಕಿನ ಚರಿತ್ರೆಯೇ ಕಿಟಕಿಯಿಂದ ಬಂದು ಹೋಗುವ ಚರಿತ್ರೆ. ನಾಯಿಯನ್ನು ಮನುಷ್ಯ ಪಳಗಿಸಿದ ಎನ್ನಬಹುದು, ಬೆಕ್ಕು ಧಾನ್ಯದ ಕಣಜಕ್ಕೆ ಇಲಿ ಬಂತೆಂದು ತಾನೇ ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕಿನ ಸುಮಾರು 9,500 ವರ್ಷ ಹಿಂದಿನ ಸಮಾಧಿ ಸಿಕ್ಕಿದ ಸಂಗತಿ 2004ರಲ್ಲಿ ಪ್ರಕಟವಾಯಿತು. ಆ ದ್ವೀಪದಲ್ಲಿ ಮೂಲತಃ ಬೆಕ್ಕುಗಳಿರಲಿಲ್ಲ, ದೋಣಿಯಲ್ಲೇ ಬಂದಿರಬೇಕು. ನಮ್ಮ ಬಂದರುಗಳಿಗೂ ಹಡಗುಗಳು ಕಮ್ಮಿ ಬಂದಿಲ್ಲ. 14ನೇ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದ. ವಿಜಯನಗರಕ್ಕೆ ಬೇಕಾದ ಅರಬ್ಬಿ ಕುದುರೆಗಳು ಭಟ್ಕಳದಲ್ಲಿ ಇಳಿದವು. ಕುದುರೆಯನ್ನು ಎಣಿಸಿ ಇಳಿಸಿಕೊಂಡವರು ಹಡಗಿನ ಇಲಿ ಹಿಡಿಯಲು ಇಟ್ಟ ಬೆಕ್ಕು ಹಲಗೆಯ ಮೇಲೆ ನಡೆದು ದಡಕ್ಕೆ ಬಂದದ್ದನ್ನು ಎಣಿಸುತ್ತ ಕೂರುತ್ತಾರೆಯೇ?

ಭಟ್ಕಳದ ನವಾಯತ ಮನೆಗಳಲ್ಲಿ ಬೆಕ್ಕಿಗೆ ಅಂಗಳದಿಂದ ಒಳಮನೆಯವರೆಗೆ ಓಡಾಟವಿರುವುದಕ್ಕೆ ಧರ್ಮದ ಬೆಂಬಲವೂ ಉಂಟು. ಹದೀಸ್‌ನಲ್ಲಿ ಬರುವ ಪ್ರಸಂಗ: ಅಬೂ ಕತಾದ ಎಂಬುವರು ವುಝೂ ಮಾಡಲು, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದುಕೊಳ್ಳಲು, ಸೊಸೆ ಕಬ್ಶ ನೀರು ತಂದಿಟ್ಟಳು. ಬೆಕ್ಕೊಂದು ಕುಡಿಯಲು ಬಂತು. ಅವರು ಅದಕ್ಕೆ ಅನುಕೂಲವಾಗಲೆಂದು ಪಾತ್ರೆಯನ್ನೇ ಓರೆ ಮಾಡಿ ಹಿಡಿದರು. ಸೊಸೆ ಆಶ್ಚರ್ಯದಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಮನೆಯವರ ಸುತ್ತ ಸುಳಿದಾಡುವ ಜೀವಗಳಲ್ಲಿ ಒಂದು ಎಂದು ಪ್ರವಾದಿಗಳು ಹೇಳಿದ್ದನ್ನು ತಿಳಿಸಿದರು. ಇನ್ನೊಂದು ಹದೀಸ್ ಕಟುವಾದದ್ದು. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ನೆಲದ ಹುಳಹುಪ್ಪಟೆ ಹಿಡಿದು ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ನರಕಕ್ಕೆ ಹೋದಳು. ಎರಡನ್ನೂ ಕೂಡಿಸಿ ನೋಡಿದರೆ ಸಾಕುವುದರ ಕರಾರು ಸ್ಪಷ್ಟವಾಗುತ್ತದೆ. ಸುಳಿದಾಡಲು ಬಿಟ್ಟ ಬೆಕ್ಕು ತನ್ನ ಹೊಟ್ಟೆ ತಾನು ನೋಡಿಕೊಳ್ಳಬಲ್ಲದು. ಬಾಗಿಲು ಹಾಕಿಕೊಂಡ ಕ್ಷಣದಿಂದ ಅದರ ಹೊಟ್ಟೆ ನಮ್ಮದು.

ನಮ್ಮಲ್ಲಿ ಸನ್ಯಾಸಿಯ ಕಥೆಯೂ ಇದೆಯಲ್ಲ. ಕೌಪೀನವನ್ನು ಇಲಿ ಕಚ್ಚುತ್ತದೆಂದು ಬೆಕ್ಕು ತಂದ, ಬೆಕ್ಕಿಗೆ ಹಾಲು ಬೇಕೆಂದು ಹಸು ತಂದ, ಹಸು ನೋಡಿಕೊಳ್ಳಲು ಹೆಂಡತಿ ಬಂದಳು. ಸಂಸಾರದ ಬಲೆಗೆ ಬೆಕ್ಕನ್ನೇ ಮೊದಲ ಗಂಟು ಮಾಡಿದ ಕಥೆಗಾರನಿಗೆ ಒಂದು ವಿಷಯ ತಿಳಿದಿರಲಿಲ್ಲ: ಬೆಳೆದ ಬೆಕ್ಕಿಗೆ ಹಾಲು ಬೇಡ. ಬಹಳಷ್ಟು ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಹಸು ತರದೇ ಇದ್ದಿದ್ದರೆ ಸನ್ಯಾಸ ಉಳಿಯುತ್ತಿತ್ತೇನೋ.

ಮೊಸರನ್ನದ ಬೆಕ್ಕಿನ ವಿಷಯ ಇನ್ನೂ ಸೂಕ್ಷ್ಮ. ಹವ್ಯಕರ ಹಳೆಯ ಮನೆಗಳಲ್ಲಿ ಬೆಕ್ಕಿಗೆ ಮೊಸರನ್ನವೇ ಊಟ. ಆದರೆ ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ಪೋಷಕಾಂಶ ಬೇಕು, ಅದನ್ನು ಅದು ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸ ಮೀನಿನಲ್ಲಿರುತ್ತದೆ, ಅನ್ನದಲ್ಲಿರುವುದಿಲ್ಲ. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಹೋಗುತ್ತದೆ ಎಂದು 1975ರಲ್ಲಿ, ಹೃದಯ ಸೋಲುತ್ತದೆ ಎಂದು 1987ರಲ್ಲಿ ಗೊತ್ತಾಯಿತು. ಹಾಗಿದ್ದರೆ ಮೊಸರನ್ನ ತಿಂದು ಹಳೆಯ ಬೆಕ್ಕುಗಳು ಬದುಕಿದ್ದು ಹೇಗೆ? ಅಟ್ಟದಲ್ಲಿ ಇಲಿಯಿತ್ತು, ಗೋಡೆಯಲ್ಲಿ ಹಲ್ಲಿಯಿತ್ತು, ಮಧ್ಯಾಹ್ನದ ಮೇಲೆ ಮೀನುಗಾರರ ಖಾರ್ವಿಕೇರಿಗೆ ಒಂದು ಸುತ್ತು ಹೋಗಿ ಬರುವ ಸ್ವಾತಂತ್ರ್ಯವಿತ್ತು. ಮನೆಯವರ ಮಡಿ ಕೆಡಲಿಲ್ಲ, ಬೆಕ್ಕಿನ ಕಣ್ಣೂ ಕೆಡಲಿಲ್ಲ. ಈಗ ಸ್ಲ್ಯಾಬಿನ ಮನೆಯಲ್ಲಿ ಕಿಟಕಿಗೆ ಸೊಳ್ಳೆ ಜಾಲರಿ ಹಾಕಿ ಬೆಕ್ಕನ್ನು ಒಳಗಿಟ್ಟು ಬರೀ ಮೊಸರನ್ನ ಹಾಕುವುದಾದರೆ ಅದು ಸಾಕುವುದಲ್ಲ. ಮೀನು ಬೇಯಿಸಿ ಹಾಕಲಾಗದ ಮನೆಯವರು ಅಂಗಡಿಯ ಬೆಕ್ಕಿನ ತಿಂಡಿಯನ್ನಾದರೂ ತರಬೇಕು. ಬೇಯಿಸಿ ಎಂದದ್ದು ಯಾಕೆಂದರೆ ಕೆಲವು ಜಾತಿಯ ಹಸಿ ಮೀನಿನಲ್ಲಿರುವ ಕಿಣ್ವ ಬಿ1 ಜೀವಸತ್ವವನ್ನು ನಾಶ ಮಾಡುತ್ತದೆ, ದಿನವೂ ಅದನ್ನೇ ಹಾಕಬಾರದು.

ಬಸುರಿ ಸೊಸೆ ಮನೆಯಲ್ಲಿದ್ದರೆ ಬೆಕ್ಕು ಬೇಡ ಎನ್ನುವ ಹಿರಿಯರ ಭಯಕ್ಕೂ ಅರ್ಥವಿದೆ, ಆದರೆ ಅರ್ಧ ಮಾತ್ರ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದಲ್ಲಿ ಬರಬಹುದು, ಸೋಂಕುಂಟುಮಾಡುವ ಹಂತಕ್ಕೆ ಬರಲು ಅದಕ್ಕೆ ಒಂದರಿಂದ ಐದು ದಿನ ಬೇಕು. ಬೇರೆಯವರು ದಿನವೂ ಮಲ ತೆಗೆದರೆ ಅಪಾಯ ಬಹಳ ಕಡಿಮೆ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪಿನಿಂದಲೂ ಅದೇ ಸೋಂಕು ಬರುತ್ತದೆ. ರೇಬಿಸ್ ವಿಷಯದಲ್ಲಿ ಮಾತ್ರ ರಿಯಾಯಿತಿಯಿಲ್ಲ. ಪರಚಿದರೆ, ಕಚ್ಚಿದರೆ ಹದಿನೈದು ನಿಮಿಷ ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಬೆಕ್ಕಿಗೆ ಮೂರು ತಿಂಗಳಾದ ಮೇಲೆ ಲಸಿಕೆ ಹಾಕಿಸಬೇಕು. ಜ್ವರ ಬಂದಂತಿದೆ ಎಂದು ಮನೆಯ ಪ್ಯಾರಾಸಿಟಮಾಲ್ ಚೂರು ಮಾಡಿ ಹಾಕಬಾರದು, ಬೆಕ್ಕಿಗೆ ಅದು ವಿಷ.

ಇಷ್ಟೆಲ್ಲ ಹೇಳಿದರೂ ನಿಜವಾದ ಪ್ರಶ್ನೆ ಊಟದ್ದಲ್ಲ. ಊಟವನ್ನು ಕೇರಿ ಹಂಚಿಕೊಳ್ಳುತ್ತದೆ: ಈ ಮನೆಯಲ್ಲಿ ಮೊಸರು, ಆ ಮನೆಯಲ್ಲಿ ಶೆಟ್ಲಿಯ ತಲೆ, ಮೂರನೇ ಮನೆಯಲ್ಲಿ ಬಿರಿಯಾನಿಯ ಮೂಳೆ. ಯಾರೂ ಹಂಚಿಕೊಳ್ಳದ ಖರ್ಚು ಒಂದಿದೆ, ಸಂತಾನಹರಣ ಶಸ್ತ್ರಚಿಕಿತ್ಸೆ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಬಸುರಾಗಬಲ್ಲದು. ಒಂಬತ್ತು ವಾರಕ್ಕೆ ಹೆರುತ್ತದೆ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಬಸುರು. ಚಳಿಗಾಲವೇ ಇಲ್ಲದ ನಮ್ಮ ಕರಾವಳಿಯಲ್ಲಿ ಇದಕ್ಕೆ ಋತುಮಾನದ ತಡೆಯೂ ಹೆಚ್ಚಿಲ್ಲ. ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ 2025ರಲ್ಲಿ ಆದೇಶದ ಮೇಲೆ ಆದೇಶ ಬಂತು, ಅವು ಬೆಕ್ಕಿನ ಬಗ್ಗೆ ಆಗಿರಲಿಲ್ಲ. ತಾಲೂಕಿನ ಪಶು ಆಸ್ಪತ್ರೆ ಮುಖ್ಯವಾಗಿ ದನ ಎಮ್ಮೆಗಳಿಗಾಗಿ ಇರುವುದು, ಬೆಕ್ಕಿನ ಹೊಟ್ಟೆ ಕೊಯ್ಯುವವರನ್ನು ಹುಡುಕಿಕೊಂಡು, ಮುಚ್ಚಳವಿರುವ ಬುಟ್ಟಿಯಲ್ಲಿ ಅದನ್ನು ಹಾಕಿಕೊಂಡು, ದಾರಿಯುದ್ದಕ್ಕೂ ಅದರ ಕೂಗು ಕೇಳಿಕೊಂಡು ಹೋಗುವವರು ಯಾರು? ಆ ಮನೆಯನ್ನು ನಾನು ಬೆಕ್ಕಿನ ಮನೆ ಎಂದು ಒಪ್ಪುತ್ತೇನೆ, ಬೆಕ್ಕು ರಾತ್ರಿ ಬೇರೆಲ್ಲೇ ಮಲಗಿದರೂ. ದಿನವೂ ಎರಡು ಹೊತ್ತು ಮೀನು ಹಾಕಿ, ಮರಿಗಳಾದಾಗ "ನಮ್ಮದಲ್ಲ" ಎನ್ನುವವರಿಗಿಂತ ಮೊದಲ ದಿನವೇ ಗದರಿಸಿ ಓಡಿಸಿದವರು ವಾಸಿ.

ಭಟ್ಕಳದವರಿಗೆ ಇನ್ನೊಂದು ಲೆಕ್ಕವೂ ಇದೆ. ದುಬೈಯಿಂದ ರಜೆಗೆ ಬಂದ ಮಕ್ಕಳು ಬೆಕ್ಕನ್ನು ಹಚ್ಚಿಕೊಳ್ಳುತ್ತಾರೆ, ಹೆಸರಿಡುತ್ತಾರೆ, ಹಾಸಿಗೆ ಹತ್ತಿಸುತ್ತಾರೆ. ಶಾಲೆ ಶುರುವಾಗುವ ಹೊತ್ತಿಗೆ ದೊಡ್ಡ ಮನೆಗೆ ಬೀಗ. ಅಂಥವರು ಬೆಕ್ಕು ಸಾಕಬಾರದೆಂದು ಹೇಳಲಾರೆ. ಹೊರಡುವ ಮುಂಚೆ ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸಿ, ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಡುವಾಗಲೇ ಬೆಕ್ಕಿನ ಮೀನಿನ ದುಡ್ಡನ್ನೂ ಕೊಟ್ಟುಹೋಗಲಿ. ಪಕ್ಕದ ಮನೆಯವರು ಮೀನು ಮುಟ್ಟದವರಾದರೆ ತರುವವರು ಯಾರು ಎಂಬುದನ್ನೂ ವಿಮಾನ ಹತ್ತುವ ಮೊದಲೇ ತೀರ್ಮಾನಿಸಿಕೊಳ್ಳಲಿ, ಮಸ್ಕತ್ತಿನಿಂದಲೋ ದುಬೈಯಿಂದಲೋ ವಾಟ್ಸ್‌ಆ್ಯಪ್ ಕರೆ ಮಾಡಿ ಬಂಗುಡೆಯ ರೇಟು ಚರ್ಚಿಸುವುದಕ್ಕಿಂತ ಅದು ಸುಲಭ.