ಹತ್ತು ನಿಮಿಷದ ಕಂಬ

ಕಲೆ, ಸಾಹಿತ್ಯದ ತರಗತಿಗಳಿಂದ ವಿದ್ಯಾರ್ಥಿ ಬೆಳೆಯುತ್ತಾನೆ ಎಂಬ ಮಾತು ವಾರ್ಷಿಕೋತ್ಸವದ ಭಾಷಣಗಳಲ್ಲೆಲ್ಲ ಬರುತ್ತದೆ. ಬೆಳೆಯುವುದು ಏನು ಎಂದು ಕೇಳಿ ನೋಡಿ, ‘ಆತ್ಮವಿಶ್ವಾಸ’ ಎನ್ನುತ್ತಾರೆ. ನನ್ನ ಮಟ್ಟಿಗೆ ಆದದ್ದು ಉಲ್ಟಾ. ದಾವಣಗೆರೆಯಲ್ಲಿ ಭಾನುವಾರದ ಚಿತ್ರಕಲೆ ತರಗತಿಗೆ ಸೇರಿದ ಮೇಲೆ ನನ್ನಲ್ಲಿದ್ದ ಆತ್ಮವಿಶ್ವಾಸವೂ ಇಳಿಯಿತು.

ಒಂದು ಭಾನುವಾರ ಮೇಷ್ಟ್ರು ನಮ್ಮನ್ನು ಹರಿಹರೇಶ್ವರ ದೇವಸ್ಥಾನದ ಮಂಟಪದಲ್ಲಿ ಕೂರಿಸಿ, ಒಬ್ಬೊಬ್ಬರು ಒಂದೊಂದು ಕಂಬ ಬರೆಯಿರಿ ಎಂದರು. ನಾನು ಹರಿಹರದವನೇ, ಆ ಕಂಬಗಳಿಗೆ ಒರಗಿ ಪ್ರಸಾದ ತಿಂದು ಬೆಳೆದವನು. ಹತ್ತು ನಿಮಿಷಕ್ಕೆ ಮುಗಿಸಿ ಹಾಳೆ ಚಾಚಿದೆ. ‘ಇದು ನಿನ್ನ ತಲೆಯೊಳಗಿನ ಕಂಬ. ಎದುರಿಗಿರೋದನ್ನ ಬರಿ’ ಎಂದು ವಾಪಸ್ ಕೊಟ್ಟರು. ಮತ್ತೆ ಕೂತೆ. ಚೌಕದ ಬುಡ, ಅದರ ಮೇಲೆ ಗಂಟೆ ಕವುಚಿಟ್ಟಂಥ ಉಬ್ಬು, ಸುತ್ತಲೂ ಬಳೆ ಜೋಡಿಸಿದ ಹಾಗೆ ಗೆರೆಗಳು. ಇಷ್ಟು ವರ್ಷ ಒರಗಿದ್ದೆನೇ ಹೊರತು ನೋಡಿರಲಿಲ್ಲ.

ಸಂಜೆ ಚಿತ್ರವನ್ನು ಅಜ್ಜನಿಗೆ ತೋರಿಸಿದೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದ ಕೈ ಅದು. ಗೆರೆಗಳ ಮೇಲೆ ಬೆರಳಾಡಿಸಿ, ‘ಇದು ಬರೀ ಉಳಿ ಕೆಲಸ ಅಲ್ಲಪ್ಪ, ತಿರುಗಿಸಿ ಕಡೆದದ್ದು’ ಎಂದರು. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಆ ಗುಡಿ ಕಟ್ಟಿಸಿದ್ದು 1223–24ರಲ್ಲಿ. ಹಾಗೆ ತಿರುಗಿಸಿ ಕಡೆಯುವ ಲೇತ್ ಯಂತ್ರ ತಯಾರಿಸುವ ಅಜ್ಜನ ಕಾರ್ಖಾನೆ ಅದೇ ಊರಿಗೆ ಬಂದದ್ದು 1941ರಲ್ಲಿ. ಕಾಕತಾಳೀಯ ಇರಬಹುದು. ಆದರೂ ಬಳಪದ ಕಲ್ಲಿನ ಕಂಬಕ್ಕೂ ನನ್ನ ಅಜ್ಜನ ಕೈಗೂ ಇರುವ ನೆಂಟಸ್ತಿಕೆ ಆ ಎರಡನೇ ಹಾಳೆಯಿಂದಲೇ ನನಗೆ ಗೊತ್ತಾದದ್ದು.

ಕನ್ನಡ ತರಗತಿಯಲ್ಲೂ ಇದೇ ಪಾಡು. ವಚನ ಎಂದರೆ ಗೈಡಿನಲ್ಲಿದ್ದ ಸಾರಾಂಶ ಎಂದುಕೊಂಡಿದ್ದೆ. ಮೇಡಂ ಗೈಡ್ ಮುಚ್ಚಿಸಿ ನಿಮ್ಮದೇ ಎರಡು ವಾಕ್ಯ ಬರೆಯಿರಿ ಎಂದ ದಿನ ಪಿರಿಯಡ್ಡು ಮುಗಿದರೂ ನನ್ನ ಪುಟದಲ್ಲಿ ಉಳಿದದ್ದು ಒಂದೇ ವಾಕ್ಯ, ಅದೂ ಮೂರು ಸಲ ಹೊಡೆದುಹಾಕಿದ್ದು. ಗೊತ್ತಿದೆ ಅಂದುಕೊಂಡದ್ದು ಗೊತ್ತಿಲ್ಲ ಎಂದು ಕಂಡುಕೊಳ್ಳುವುದಕ್ಕೇ ನಾನು ಬೆಳವಣಿಗೆ ಎನ್ನುತ್ತೇನೆ. ಗಣಿತದಲ್ಲೂ ತಪ್ಪು ಗೊತ್ತಾಗುತ್ತದೆ ನಿಜ. ಆದರೆ ಅಲ್ಲಿ ಸರಿಯುತ್ತರ ಪುಸ್ತಕದ ಕೊನೆಗಿರುತ್ತದೆ. ಇಲ್ಲಿ ಕಂಬದ ಮುಂದೆ ಮತ್ತೆ ಹೋಗಿ ಕೂರದೆ ದಾರಿಯಿಲ್ಲ.

‘ಇದರಿಂದ ಹೊಟ್ಟೆ ತುಂಬುತ್ತಾ?’ ಎಂದು ಅಪ್ಪ ಕೇಳುತ್ತಾರೆ. ತಳ್ಳಿಹಾಕುವ ಪ್ರಶ್ನೆಯಲ್ಲ. ಚಿಂದೋಡಿ ಲೀಲಾ ಅವರ ನಾಟಕ ಕಂಪನಿ ದಾವಣಗೆರೆಯದೇ, ಟಿಕೆಟ್ ದುಡ್ಡಿನಲ್ಲೇ ಎಷ್ಟೋ ಸಂಸಾರ ನಡೆಸಿತು. ಹಾಗೆಂದು ಎಲ್ಲರಿಗೂ ಬಣ್ಣ ಅನ್ನ ಹಾಕುವುದಿಲ್ಲ. ಆದರೆ ಭದ್ರ ಕೆಲಸವೆಂದು ಊರೇ ನಂಬಿದ್ದ ಅಜ್ಜನ ಕಾರ್ಖಾನೆಯೂ ಬಾಗಿಲು ಹಾಕಿತಲ್ಲ! ಅನ್ನದ ಲೆಕ್ಕ ಅಪ್ಪ ತಿಳಿದಷ್ಟು ಸಲೀಸಲ್ಲ.

ಸರ್ಕಾರ 1964ರಲ್ಲೇ ಕಲಾಶಾಲೆ ತೆರೆದ ಊರು ದಾವಣಗೆರೆ. ಈಗ ಅದು ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ. ಆದರೂ ನಾನು ಓದಿದ ಹೈಸ್ಕೂಲಿನಲ್ಲಿ ಪೋರ್ಷನ್ ಮುಗಿಯದಾಗಲೆಲ್ಲ ಗಣಿತಕ್ಕೆ ಹೋಗುತ್ತಿದ್ದದ್ದು ಚಿತ್ರಕಲೆಯ ಪಿರಿಯಡ್ಡೇ. ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿನಂತಿ: ವಾರಕ್ಕೊಮ್ಮೆ ಬರುವ ಆ ನಲವತ್ತು ನಿಮಿಷವನ್ನು ಮುಟ್ಟಬೇಡಿ.