ತಲೆ ಸವೆದ ಪ್ಲಗ್ಗು: ತಪ್ಪು ಗಾಡಿಯದಲ್ಲ, ನಮ್ಮ ಸ್ಪ್ಯಾನರಿನದು



ಬೆಂಗಳೂರಿನ ಬಿಟಿಎಂ ಲೇಔಟ್ ಎಂಬ ಹೆಸರು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳಿಂದ ಆದದ್ದು. ಈಗ ಅಲ್ಲಿ ಉಳುವ ನೆಲವಿಲ್ಲ. ಆದರೆ ಅಲ್ಲಿನ ಒಂದು ಚಿಕ್ಕ ಗ್ಯಾರೇಜಿನಲ್ಲಿ ನಾನು ಕಂಡ ಕೆಲಸ ಟ್ರ್ಯಾಕ್ಟರ್ ಇಟ್ಟುಕೊಂಡ ನಮಗೆಲ್ಲ ಬೇಕಾದದ್ದು.

ಹಳೆಯ ಅಂಬಾಸಿಡರ್ ಕಾರಿನ ಹಿಂದಿನ ಆಕ್ಸಲ್‌ನಿಂದ ಎಣ್ಣೆ ಇಳಿಸಬೇಕಾಗಿತ್ತು. ಕೆಳಗಿನ ಪ್ಲಗ್ಗಿನ ತಲೆ ಸವೆದು ಗೋಲಿಯಂತೆ ದುಂಡಾಗಿತ್ತು. ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. ಮೊದಲು ಎಣ್ಣೆ ತುಂಬುವ ಮೇಲಿನ ಪ್ಲಗ್ಗನ್ನು ಸಡಿಲಿಸಿದ. "ಮೇಲಿನದು ಬಾರದಿದ್ದರೆ ಕೆಳಗಿನದನ್ನು ಬಿಚ್ಚಿ ಏನು ಮಾಡಲಿ ಸ್ವಾಮಿ? ಹೊಸ ಎಣ್ಣೆ ಹಾಕೋಕೆ ದಾರಿಯೇ ಇರಲ್ಲ" ಎಂದ. ಇಷ್ಟು ಸುಲಭದ ಮಾತು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ನಾವು ಮಾಡುವುದೇನು? ಪ್ಲಗ್ಗು ಬರಲಿಲ್ಲವೆಂದು ಹಳೆ ಎಣ್ಣೆಯಲ್ಲೇ ಇನ್ನೊಂದು ಹಂಗಾಮು ಓಡಿಸುತ್ತೇವೆ. ಕೆಸರುಗದ್ದೆಯಲ್ಲಿ ಒಳಸೇರಿದ ನೀರಿನಿಂದ ಗೇರ್ ಎಣ್ಣೆ ಹಾಲಿನಂತೆ ಬಿಳಿಚಿಕೊಳ್ಳುತ್ತದೆ, ಸವೆದ ಲೋಹದ ಪುಡಿ ಅದರಲ್ಲೇ ಸುತ್ತುತ್ತದೆ. ಬೇರಿಂಗು, ಹಲ್ಲುಗಳು ಹೋದ ಮೇಲೆ ಬರುವ ಖರ್ಚು ಎಷ್ಟೆಂದು ಒಮ್ಮೆ ಗೇರ್‌ಬಾಕ್ಸ್ ಇಳಿಸಿದವರನ್ನು ಕೇಳಿ.

ಗಾಡಿ ಹಳೆಯದು, ಅದಕ್ಕೇ ಹೀಗೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪ್ಲಗ್ಗು ತಾನಾಗಿ ದುಂಡಾಗುವುದಿಲ್ಲ. ಅಂಬಾಸಿಡರಿನಂತೆಯೇ ಹಳೆಯ ಮ್ಯಾಸ್ಸಿ ಫರ್ಗುಸನ್ ಟ್ರ್ಯಾಕ್ಟರುಗಳಲ್ಲಿಯೂ ಇಂಚಿನ ಅಳತೆ ಇರುತ್ತದೆ. 7/8 ಇಂಚೆಂದರೆ 22.2 ಮಿ.ಮೀ. ಅದಕ್ಕೆ 22ರ ಸ್ಪ್ಯಾನರು ಹತ್ತದು, 24ರದು ಜಾರುತ್ತದೆ. ಆಗ ಕೈಗೆ ಬರುವುದು ಸ್ಕ್ರೂ ಸ್ಪ್ಯಾನರು, ಆಮೇಲೆ ಪೈಪ್ ರೆಂಚು, ಕಡೆಗೆ ಉಳಿ. ಅಲ್ಲಿಗೆ ಮೂಲೆಗಳ ಕಥೆ ಮುಗಿಯಿತು. ಸರಿಯಾದ ಅಳತೆಯ, ಒಳಗೆ ಆರೇ ಮೂಲೆಯ ಸಾಕೆಟ್ ಕೊಳ್ಳಿ. ಹನ್ನೆರಡು ಮೂಲೆಯದು ತಲೆಯ ತುದಿಗಳನ್ನಷ್ಟೇ ಹಿಡಿಯುತ್ತದೆ. ಆರು ಮೂಲೆಯದು ಚಪ್ಪಟೆ ಬದಿಯನ್ನು ಒತ್ತುತ್ತದೆ.

ಈಗಾಗಲೇ ದುಂಡಾಗಿದ್ದರೆ ಆತುರ ಬೇಡ. ತಂತಿ ಬ್ರಷ್ಷಿನಿಂದ ಮಣ್ಣು, ಬಣ್ಣ ಕೆರೆದು, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಪ್ಲಗ್ಗಿನ ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ ನಾಲ್ಕಾರು ಏಟು ಕೊಡಿ. ಆ ಅದಿರಿಗೆ ತುಕ್ಕಿನ ಹಿಡಿತ ಒಡೆಯುತ್ತದೆ. ಅಲ್ಯೂಮಿನಿಯಂ ಕವಚವಾದರೆ ಮೆಲ್ಲಗೆ ತಟ್ಟಬೇಕು, ಬಿರುಕು ಬಿಟ್ಟೀತು. ಆದರೆ ಅದಕ್ಕೊಂದು ಅನುಕೂಲವೂ ಉಂಟು: ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಗಾಡಿ ಓಡಿಸಿ ಬಿಸಿಯಾದಾಗ ಉಕ್ಕಿನ ಪ್ಲಗ್ಗು ಸಡಿಲವಾಗುತ್ತದೆ. ಬೀಡುಕಬ್ಬಿಣದಲ್ಲಿ ಈ ಲಾಭ ಸಿಗದು, ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹಿಗ್ಗುತ್ತವೆ. ಬಿಚ್ಚುವ ಮುನ್ನ ಒಂದು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ ನೋಡುವುದೂ ಒಳ್ಳೆಯ ಉಪಾಯ.

ಬಾರದಿದ್ದರೆ ಅರದಿಂದ ಎದುರುಬದುರು ಎರಡು ಚಪ್ಪಟೆ ಬದಿ ಉಜ್ಜಿ, ಒಂದು ಅಳತೆ ಕಡಿಮೆಯ ಸ್ಪ್ಯಾನರನ್ನು ಬಡಿದು ಕೂಡಿಸಬಹುದು. ಅದಕ್ಕೂ ಜಗ್ಗದಿದ್ದರೆ ವೆಲ್ಡಿಂಗ್‌ನವರನ್ನು ಕರೆಯಿರಿ. ಬಿಟಿಎಂನ ಮೇಸ್ತ್ರಿಯೂ ಮಾಡಿದ್ದು ಅದನ್ನೇ: ಸವೆದ ತಲೆಯ ಮೇಲೆ ದೊಡ್ಡ ನಟ್ಟೊಂದನ್ನಿಟ್ಟು ಒಳಗಿನಿಂದ ಬೆಸೆದ. ಬೆಸುಗೆಯ ಶಾಖವೇ ಅರ್ಧ ಕೆಲಸ ಮಾಡಿತು. ಬೆಸೆಯುವ ಮೊದಲು ಬ್ಯಾಟರಿಯ ತಂತಿಗಳನ್ನು ಕಳಚತಕ್ಕದ್ದು. ಸೋರಿದ ಎಣ್ಣೆ ಒರೆಸಿ, ಇಂಧನದ ಟ್ಯಾಂಕು, ಒಣಹುಲ್ಲುಗಳಿಂದ ದೂರದಲ್ಲಿ, ಪಕ್ಕದಲ್ಲಿ ಒಂದು ಬಾಣಲಿ ಒಣಮರಳು ಇಟ್ಟುಕೊಂಡೇ ಮಾಡಿಸಿ.

ಇಷ್ಟೆಲ್ಲ ಸಲಕರಣೆ ಪ್ರತಿಯೊಬ್ಬರೂ ಕೊಳ್ಳಬೇಕಾಗಿಲ್ಲ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ರೋಟವೇಟರು ಬಾಡಿಗೆಗೆ ಸಿಗುವಾಗ, ಇಂಚು ಮತ್ತು ಮಿಲಿಮೀಟರು ಎರಡೂ ಅಳತೆಯ ಒಂದು ಸಾಕೆಟ್ ಪೆಟ್ಟಿಗೆ ಏಕೆ ಸಿಗಬಾರದು? ನಿಮ್ಮ ಸಹಕಾರ ಸಂಘದ ಮುಂದಿನ ಸಭೆಯಲ್ಲಿ ಕೇಳಿ ನೋಡಿ.

ಅಂದಹಾಗೆ, ತೆಗೆದ ಪ್ಲಗ್ಗನ್ನೇ ಮತ್ತೆ ಹಾಕಿಬಿಡಬೇಡಿ. ಅದೇ ದಿನ ಹೊಸ ಪ್ಲಗ್ಗು, ತಾಮ್ರದ ವಾಷರ್ ಇರುವಲ್ಲಿ ಹೊಸ ವಾಷರ್ ಹಾಕಿ. ಬಿಗಿ ಮಾಡುವಾಗ ಸ್ಪ್ಯಾನರಿಗೆ ಪೈಪು ಸಿಕ್ಕಿಸುವುದು ಬೇಡ.